ಫಲಕ್‌ನುಮಾ ಅರಮನೆಯಲ್ಲಿ ರಾತ್ರಿಯೂಟ: ಮುಂಗಡ ಕರೆಯಿಂದ ಬಿಲ್ಲಿನವರೆಗೆ

ಹೈದರಾಬಾದಿಗೆ ಹೊರಟ ಓದುಗರು ಪದೇಪದೇ ಕೇಳುವ ಪ್ರಶ್ನೆಗಳು ಮೂರು. ಫಲಕ್‌ನುಮಾ ಅರಮನೆಯಲ್ಲಿ ಕೋಣೆ ಹಿಡಿಯದೆ ಊಟವನ್ನಷ್ಟೇ ಮಾಡಿ ಬರಬಹುದೇ? ಸಸ್ಯಾಹಾರಿಗಳಿಗೆ ಅಲ್ಲಿ ತಿನ್ನುವಂಥದ್ದು ಇದೆಯೇ? ಅಷ್ಟು ಹಣ ಕೊಟ್ಟ ಮೇಲೆ ಬೇಸರಪಟ್ಟುಕೊಂಡು ಮರಳದಂತೆ ನೋಡಿಕೊಳ್ಳುವುದು ಹೇಗೆ? ಮೊದಲಿನ ಎರಡಕ್ಕೆ ‘ಹೌದು’ ಎಂಬ ಒಂದೇ ಮಾತು ಸಾಕು. ಮೂರನೆಯದಕ್ಕೆ ಮಾತ್ರ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು, ಏಕೆಂದರೆ ಇಂಥ ಕಡೆ ಆಗುವ ನಿರಾಶೆಗಳಲ್ಲಿ ಹೆಚ್ಚಿನವು ಹುಟ್ಟುವುದು ಮೇಜಿನ ಮುಂದೆ ಕೂರುವುದಕ್ಕೆ ಬಹಳ ಮೊದಲೇ, ಕೇಳಬೇಕಾದದ್ದನ್ನು ಕೇಳದೆ ಹೇಳಬೇಕಾದದ್ದನ್ನು ಹೇಳದೆ ಹೊರಟುಬಿಡುವುದರಿಂದ.

ಮೊದಲು ಕಟ್ಟಡದ ಬಗ್ಗೆ ನಾಲ್ಕು ಮಾತು. ಹೈದರಾಬಾದ್ ಸಂಸ್ಥಾನದ ಪಾಯಿಗಾ ಮನೆತನದ ಸರದಾರರೂ ಪ್ರಧಾನಿಯೂ ಆಗಿದ್ದ ನವಾಬ್ ವಿಕಾರ್ ಉಲ್ ಉಮ್ರಾ ಅವರು 1884ರಲ್ಲಿ ಈ ಅರಮನೆಗೆ ಅಡಿಗಲ್ಲು ಹಾಕಿಸಿದರು. ಚಾರ್‌ಮಿನಾರ್‌ನಿಂದ ಸುಮಾರು 5 ಕಿಲೋಮೀಟರ್ ದೂರದ ಗುಡ್ಡದ ಮೇಲೆ ಇಟಲಿಯ ಅಮೃತಶಿಲೆಯನ್ನು ತರಿಸಿ ಕಟ್ಟಿದ ಈ ಮನೆಯ ಹೆಸರಿಗೆ ‘ಆಕಾಶದ ಕನ್ನಡಿ’ ಎಂದು ಅರ್ಥ ಹೇಳುತ್ತಾರೆ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಮುನ್ನವೇ ಅದು ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಕೈಸೇರಿ ರಾಜ ಅತಿಥಿಗಳ ಬಿಡಾರವಾಯಿತು. 1951ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಇಲ್ಲಿ ಉಳಿದುಹೋದ ಮೇಲೆ ದಶಕಗಳ ಕಾಲ ಬಾಗಿಲು ಹಾಕಿಕೊಂಡಿತ್ತು. ನಿಜಾಮರ ಕುಟುಂಬದ ಎಸ್ರಾ ಅವರ ನಿಗಾದಲ್ಲಿ ಸುಮಾರು ಹತ್ತು ವರ್ಷ ಜೀರ್ಣೋದ್ಧಾರ ನಡೆದು, 2010ರ ನವೆಂಬರಿನಲ್ಲಿ ತಾಜ್ ಸಮೂಹದ ಹೋಟೆಲಾಗಿ ಮತ್ತೆ ತೆರೆಯಿತು. ಬೀದರ, ಕಲಬುರಗಿ, ರಾಯಚೂರುಗಳು 1956ರವರೆಗೆ ಇದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಕಡೆಯ ಓದುಗರಿಗೆ ಇಲ್ಲಿನ ಊಟದಲ್ಲಿ ಪರಿಚಯದ ರುಚಿಗಳು ಒಂದೆರಡಲ್ಲ ಸಿಗುತ್ತವೆ.

1. ಯಾವ ಊಟ ಎಂಬುದನ್ನು ಮೊದಲು ತೀರ್ಮಾನಿಸಿ

ಅರಮನೆಯೊಳಗೆ ಎರಡು ಮುಖ್ಯ ಭೋಜನಶಾಲೆಗಳಿವೆ. ‘ಅದಾ’ದಲ್ಲಿ ಹೈದರಾಬಾದಿ ಅಡುಗೆ, ‘ಸೆಲೆಸ್ಟ್’ನಲ್ಲಿ ಪಾಶ್ಚಾತ್ಯ ಅಡುಗೆಗೆ ಪ್ರಾಶಸ್ತ್ಯ. ಇವಲ್ಲದೆ ‘ಜೇಡ್ ರೂಮ್’ ಎಂಬ ಕೋಣೆಯಲ್ಲಿ ಸಂಜೆಯ ‘ಹೈ ಟೀ’ ಇರುತ್ತದೆ. ಹೈ ಟೀ ಎಂದರೆ ಚಹಾದ ಜೊತೆ ಸಣ್ಣ ಸಣ್ಣ ಖಾರದ ಹಾಗೂ ಸಿಹಿ ತಿಂಡಿಗಳನ್ನು ಸಾಲಾಗಿ ಕೊಡುವ ಏರ್ಪಾಡು; ಅದು ಊಟಕ್ಕೆ ಬದಲಿಯಾಗುವುದಿಲ್ಲ.

ನನ್ನ ಸಲಹೆ ಸ್ಪಷ್ಟ: ಮೊದಲ ಸಲ ಹೋಗುವವರು ಅದಾವನ್ನೇ ಆರಿಸಿಕೊಳ್ಳಿ. ಇಟಲಿಯ ಪಾಸ್ತಾ ಬೆಂಗಳೂರಿನಲ್ಲೂ ಚೆನ್ನಾಗಿಯೇ ಸಿಗುತ್ತದೆ. ನಿಜಾಮರ ಕಾಲದ ಅಡುಗೆಯನ್ನು ನಿಜಾಮರ ಮನೆಯಲ್ಲಿಯೇ ಕುಳಿತು ಉಣ್ಣುವ ಅವಕಾಶ ಬೇರೆಡೆ ಇಲ್ಲ. ಬಜೆಟ್ಟು ಬಿಗಿಯಾಗಿದ್ದು ಕಟ್ಟಡವನ್ನು ನೋಡುವುದೇ ನಿಮ್ಮ ಮುಖ್ಯ ಆಸೆಯಾಗಿದ್ದರೆ ಹೈ ಟೀ ಸಾಕು. ಅದರಲ್ಲಿ ಹಗಲ ಬೆಳಕೂ ಸಿಗುತ್ತದೆ.

ಒಂದು ತಪ್ಪು ಕಲ್ಪನೆಯನ್ನು ಇಲ್ಲಿಯೇ ಸರಿಪಡಿಸಬೇಕು. ಚಿತ್ರಗಳಲ್ಲಿ ಎಲ್ಲರೂ ನೋಡಿರುವ, 101 ಜನ ಒಟ್ಟಿಗೆ ಕೂರಬಹುದಾದ ಆ ಉದ್ದನೆಯ ಮೇಜು ಅದಾದ ಭಾಗವಲ್ಲ. ಅದಿರುವ ಭೋಜನ ಸಭಾಂಗಣವನ್ನು ವಿಶೇಷ ಔತಣಗಳಿಗೆ ಮಾತ್ರ ಪ್ರತ್ಯೇಕವಾಗಿ ಕೊಡುತ್ತಾರೆ. ಜಾಗತಿಕ ಉದ್ಯಮಶೀಲತಾ ಶೃಂಗಸಭೆಗೆ ಬಂದಿದ್ದ ಅತಿಥಿಗಳಿಗೆ 2017ರ ನವೆಂಬರ್ 28ರಂದು ಪ್ರಧಾನಿಯವರು ಔತಣ ನೀಡಿದ್ದು ಇದೇ ಅರಮನೆಯಲ್ಲಿ. ನೀವು ನಾಲ್ಕು ಜನ ಹೋದರೆ ಆ ಮೇಜನ್ನು ನೋಡಬಹುದು, ಅದರ ಮುಂದೆ ಕುಳಿತು ಉಣ್ಣಲಾಗದು.

2. ಕಾಯ್ದಿರಿಸುವ ಕರೆ: ಅರ್ಧ ಕೆಲಸ ಇಲ್ಲಿಯೇ ಮುಗಿಯುತ್ತದೆ

ಮುಂಗಡ ಕಾಯ್ದಿರಿಸದೆ ಹೋದವರನ್ನು ಗುಡ್ಡದ ಕೆಳಗಿನ ದ್ವಾರದಲ್ಲಿಯೇ ತಡೆಯುತ್ತಾರೆ. ಇದು ಸಾಮಾನ್ಯ ಹೋಟೆಲಿನಂತೆ ಬೀದಿಯಿಂದ ಒಳಗೆ ನಡೆದು ಹೋಗಬಹುದಾದ ಜಾಗವಲ್ಲ. ಆದ್ದರಿಂದ ರೈಲಿನ ಟಿಕೆಟ್ಟಿಗಿಂತ ಮೊದಲು ಮೇಜನ್ನು ಗಟ್ಟಿ ಮಾಡಿಕೊಳ್ಳಿ. ಮದುವೆಗಳಿಗಾಗಿ ಇಡೀ ಅರಮನೆಯನ್ನೇ ಹಿಡಿಯುವುದುಂಟು. ಅಂಥ ದಿನಗಳಲ್ಲಿ ಹೊರಗಿನವರಿಗೆ ಪ್ರವೇಶ ಸಿಗುವುದಿಲ್ಲ. ನವೆಂಬರಿನಿಂದ ಫೆಬ್ರವರಿಯವರೆಗಿನ ವಾರಾಂತ್ಯಗಳಿಗೆ ಕನಿಷ್ಠ ಎರಡು ಮೂರು ವಾರ ಮುಂಚಿತವಾಗಿಯೇ ಕೇಳುವುದು ಒಳ್ಳೆಯದು.

ಅಂತರ್ಜಾಲದಲ್ಲಿ ಕಾಯ್ದಿರಿಸಿದರೂ ಒಮ್ಮೆ ಫೋನಿನಲ್ಲಿ ಮಾತನಾಡಿ. ಕಾಗದವೊಂದನ್ನು ಮುಂದಿಟ್ಟುಕೊಂಡು ಕೆಳಗಿನ ವಿಷಯಗಳನ್ನು ಒಂದೊಂದಾಗಿ ಕೇಳಿ, ಸಿಕ್ಕ ಉತ್ತರವನ್ನು ಇಮೇಲಿನಲ್ಲಿ ಖಚಿತಪಡಿಸುವಂತೆ ವಿನಂತಿಸಿ.

ಮೊದಲನೆಯದು ದರದ ಪ್ರಶ್ನೆ. ಕೋಣೆ ಹಿಡಿಯದ ಅತಿಥಿಗಳಿಗೆ ತಲಾ ಇಂತಿಷ್ಟು ಎಂಬ ಕನಿಷ್ಠ ವೆಚ್ಚ ನಿಗದಿಯಾಗಿದೆಯೇ, ಅದನ್ನು ಮುಂಗಡವಾಗಿಯೇ ಕಟ್ಟಬೇಕೇ, ಬರಲಾಗದಿದ್ದರೆ ಎಷ್ಟು ಹಿಂದಿರುಗಿಸುತ್ತಾರೆ, ಹೇಳಿದ ಮೊತ್ತದಲ್ಲಿ ತೆರಿಗೆ ಸೇರಿದೆಯೇ ಎಂದು ಕೇಳಿ. ಎರಡನೆಯದು ಊಟದ ಬಗೆ. ‘ಆ ಲಾ ಕಾರ್ಟ್’ ಎಂದರೆ ಪಟ್ಟಿಯಿಂದ ಒಂದೊಂದೇ ಭಕ್ಷ್ಯವನ್ನು ಆರಿಸಿ ಅದರದರ ಬೆಲೆ ತೆರುವುದು. ‘ಸೆಟ್ ಮೆನು’ ಎಂದರೆ ಮುಖ್ಯ ಬಾಣಸಿಗರು ಮೊದಲೇ ಹೊಂದಿಸಿಟ್ಟ, ಒಂದಾದ ಮೇಲೊಂದರಂತೆ ಬರುವ ಊಟಕ್ಕೆ ಒಟ್ಟಾಗಿ ಒಂದೇ ಬೆಲೆ. ನಿಮ್ಮ ದಿನದಂದು ಇವೆರಡರಲ್ಲಿ ಯಾವುದಿದೆ, ಒಂದೇ ಮೇಜಿನಲ್ಲಿ ಒಬ್ಬರು ಸೆಟ್ ಮೆನು ಇನ್ನೊಬ್ಬರು ಬಿಡಿ ಭಕ್ಷ್ಯ ತೆಗೆದುಕೊಳ್ಳಬಹುದೇ ಎಂಬುದನ್ನು ತಿಳಿದುಕೊಳ್ಳಿ. ಮೂರನೆಯದು ಅರಮನೆಯನ್ನು ಸುತ್ತಿ ತೋರಿಸುವ ವ್ಯವಸ್ಥೆ: ಊಟಕ್ಕೆ ಮಾತ್ರ ಬರುವವರಿಗೂ ಅದು ಇದೆಯೇ, ಇದ್ದರೆ ಎಷ್ಟು ಗಂಟೆಗೆ? ಇದನ್ನು ಕೇಳದೆ ಹೋಗುವವರೇ ಹೆಚ್ಚು, ಆಮೇಲೆ ಕೈ ಕೈ ಹಿಸುಕಿಕೊಳ್ಳುವವರೂ ಅವರೇ.

ನಾಲ್ಕನೆಯದು ನೀವು ಹೇಳಬೇಕಾದದ್ದು. ಮೇಜಿನಲ್ಲಿ ಎಷ್ಟು ಜನ ಸಸ್ಯಾಹಾರಿಗಳು, ಮೊಟ್ಟೆ ತಿನ್ನುತ್ತಾರೆಯೇ, ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು ಇದ್ದಾರೆಯೇ ಎಂಬುದನ್ನು ಈಗಲೇ ತಿಳಿಸಿ. ಈರುಳ್ಳಿಯಿಲ್ಲದ ಹೈದರಾಬಾದಿ ಅಡುಗೆಯನ್ನು ಕೊನೇ ಗಳಿಗೆಯಲ್ಲಿ ಹೊಂದಿಸುವುದು ಯಾವ ಬಾಣಸಿಗರಿಗೂ ಸುಲಭವಲ್ಲ, ಏಕೆಂದರೆ ಇಲ್ಲಿನ ಬಹುಪಾಲು ಗೊಜ್ಜುಗಳಿಗೆ ಹುರಿದ ಈರುಳ್ಳಿಯೇ ಬುನಾದಿ. ಬೇರೊಂದು ಊರಿನ ಹಳೆಯ ಅರಮನೆಯಲ್ಲಿ ಈ ಒಂದು ಮಾತನ್ನು ಮೊದಲೇ ಹೇಳದೆ, ನನ್ನ ತಾಯಿ ಬರೀ ರೊಟ್ಟಿ ಮೊಸರಿನಲ್ಲಿ ಊಟ ಮುಗಿಸುವುದನ್ನು ನಾನು ನೋಡಬೇಕಾಯಿತು. ಅಲರ್ಜಿಯ ವಿಷಯ ಇನ್ನೂ ಗಂಭೀರವಾದದ್ದು: ಮೆಣಸಿನಕಾಯಿಯ ಗೊಜ್ಜಾದ ಮಿರ್ಚಿ ಕಾ ಸಾಲನ್, ಬದನೆಕಾಯಿಯ ಬಘಾರೆ ಬೈಂಗನ್‌ಗಳಲ್ಲಿ ಕಡಲೆಕಾಯಿ, ಎಳ್ಳು, ಕೊಬ್ಬರಿ ಅರೆದು ಹಾಕಿರುತ್ತಾರೆ, ಕುರ್ಮಾ, ಸಿಹಿತಿಂಡಿಗಳಲ್ಲಿ ಗೋಡಂಬಿ ಬಾದಾಮಿ ಸಾಮಾನ್ಯ. ಕಡಲೆಕಾಯಿ ಆಗದವರು ಕಾಯ್ದಿರಿಸುವಾಗ ಒಮ್ಮೆ, ಕುಳಿತ ಮೇಲೆ ಮತ್ತೊಮ್ಮೆ ಹೇಳಲೇಬೇಕು.

ಜೊತೆಯಲ್ಲಿ ವಯಸ್ಸಾದವರಿದ್ದರೆ ಗಾಲಿಕುರ್ಚಿ, ಮೆಟ್ಟಿಲಿಲ್ಲದ ದಾರಿ, ಲಿಫ್ಟುಗಳ ಬಗ್ಗೆ ವಿಚಾರಿಸಿ. ಹಳೆಯ ಕಟ್ಟಡದಲ್ಲಿ ನಡಿಗೆ ಜಾಸ್ತಿ. ಅಮೃತಶಿಲೆಯ ನೆಲ ಜಾರುತ್ತದೆ. ಮಕ್ಕಳಿದ್ದರೆ ರಾತ್ರಿಯೂಟಕ್ಕೆ ವಯಸ್ಸಿನ ಮಿತಿ ಇದೆಯೇ ಎಂದೂ ಕೇಳಿಬಿಡಿ. ಕೊನೆಗೆ, ಊರಿನ ದೀಪಗಳು ಕಾಣುವ ಕಡೆ ಮೇಜು ಬೇಕೆಂದು ಕೋರಿ. ಮಳೆಗಾಲದಲ್ಲಿ ಮಾತ್ರ ಬಯಲಿನ ಮೇಜನ್ನು ನೆಚ್ಚಿಕೊಳ್ಳಬೇಡಿ.

3. ಉಡುಗೆ ಮತ್ತು ಪ್ರಯಾಣ

ಸೀರೆ, ಚೂಡಿದಾರ, ಕುರ್ತಾ ಪೈಜಾಮ, ತೋಳಿರುವ ಅಂಗಿ ಮತ್ತು ಪ್ಯಾಂಟು, ಮುಚ್ಚಿದ ಪಾದರಕ್ಷೆ ಇವು ಯಾವಾಗಲೂ ಸಲ್ಲುತ್ತವೆ. ಗಂಡಸರು ಚಡ್ಡಿ, ರಬ್ಬರ್ ಚಪ್ಪಲಿಗಳನ್ನು ಕೋಣೆಯಲ್ಲಿಯೇ ಬಿಟ್ಟು ಬನ್ನಿ. ‘ಸ್ಮಾರ್ಟ್ ಕ್ಯಾಶುವಲ್’ ಎಂಬ ಮಾತು ಕಿವಿಗೆ ಬಿದ್ದರೆ ಗಾಬರಿಯಾಗಬೇಕಿಲ್ಲ. ಕೋಟು ಟೈ ಕಡ್ಡಾಯವಲ್ಲ, ಆದರೆ ಮನೆಯ ಬಟ್ಟೆಯಲ್ಲಿ ಬರಬೇಡಿ ಎಂದಷ್ಟೇ ಅದರ ಅರ್ಥ. ಎತ್ತರದ ಹಿಮ್ಮಡಿಯ ಚಪ್ಪಲಿ ನಯವಾದ ನೆಲದ ಮೇಲೆ ತೊಂದರೆ ಕೊಡುತ್ತದೆ.

ನಗರದ ಹೊಸ ಭಾಗವಾದ ಗಚ್ಚಿಬೌಲಿ, ಮಾದಾಪುರಗಳಿಂದ ಬರುವವರು ಸಂಜೆಯ ಹೊತ್ತಿನಲ್ಲಿ ಒಂದೂವರೆ ಗಂಟೆಯನ್ನಾದರೂ ಕೈಯಲ್ಲಿಟ್ಟುಕೊಳ್ಳಿ. ಚಾರ್‌ಮಿನಾರಿನ ಸುತ್ತಲಿನ ರಸ್ತೆಗಳು ಇಕ್ಕಟ್ಟು. ರಂಜಾನ್ ತಿಂಗಳಲ್ಲಿ ಇಫ್ತಾರಿನ ಹೊತ್ತಿನಿಂದ ನಡುರಾತ್ರಿ ದಾಟುವವರೆಗೂ ಅಲ್ಲಿ ಜನಸಾಗರವಿರುತ್ತದೆ. ಆಗ ಚಾಲಕರಿಗೆ ಬೇರೆ ದಾರಿ ಹಿಡಿಯಲು ಮೊದಲೇ ಹೇಳಬೇಕು. ನಕ್ಷೆಯಲ್ಲಿ ಬರೀ ‘ಫಲಕ್‌ನುಮಾ’ ಎಂದು ಹಾಕಿದರೆ ಅದೇ ಹೆಸರಿನ ಲೋಕಲ್ ರೈಲು ನಿಲ್ದಾಣಕ್ಕೋ ಬಡಾವಣೆಗೋ ಹೋಗಿ ನಿಲ್ಲುವ ಸಂಭವವಿದೆ. ಅರಮನೆಯ ಪೂರ್ಣ ಹೆಸರನ್ನೇ ಹುಡುಕಿ.

ದ್ವಾರದಲ್ಲಿ ಹೆಸರು, ಗುರುತಿನ ಚೀಟಿ ನೋಡಿದ ಮೇಲೆ ಗುಡ್ಡವೇರಿಸುತ್ತಾರೆ. ತಂಗಲು ಬರುವವರನ್ನು ಕುದುರೆ ಸಾರೋಟಿನಲ್ಲಿ ಕರೆದೊಯ್ಯುವ ಸಂಪ್ರದಾಯ ಪ್ರಸಿದ್ಧವಾದದ್ದು. ಊಟಕ್ಕೆ ಬರುವ ಎಲ್ಲರಿಗೂ ಅದೇ ಸಿಗುತ್ತದೆಂದು ಮಕ್ಕಳಿಗೆ ಮಾತು ಕೊಡಬೇಡಿ. ವಿಚಾರಿಸಿ ಆಮೇಲೆ ಹೇಳಿ.

4. ಸೂರ್ಯ ಮುಳುಗುವ ಮುನ್ನ ತಲುಪಿ

ಊಟ ಎಂಟಕ್ಕಿದ್ದರೆ ಎಂಟಕ್ಕೆ ಹೋಗುವುದು ದೊಡ್ಡ ತಪ್ಪು. ಹೈದರಾಬಾದಿನಲ್ಲಿ ನವೆಂಬರಿನ ಕೊನೆಗೆ ಸೂರ್ಯಾಸ್ತ ಸುಮಾರು 5.40ಕ್ಕೆ, ಜುಲೈ ಮೊದಲಲ್ಲಿ ಸುಮಾರು 6.55ಕ್ಕೆ. ಅದಕ್ಕಿಂತ ಒಂದು ಗಂಟೆ ಮೊದಲು ಮೇಲಿರುವಂತೆ ನೋಡಿಕೊಂಡರೆ ಹಗಲ ಬೆಳಕಿನಲ್ಲಿ ಕಟ್ಟಡದ ಮುಂಭಾಗ, ಮುಸ್ಸಂಜೆಯಲ್ಲಿ ಹಳೆಯ ನಗರ, ಕತ್ತಲಾದ ಮೇಲೆ ದೀಪದ ಗೊಂಚಲುಗಳು ಈ ಮೂರೂ ಒಂದೇ ಭೇಟಿಯಲ್ಲಿ ದಕ್ಕುತ್ತವೆ.

ಒಳಗೆ ಸಮಯ ಕಡಿಮೆ ಇದ್ದರೆ ಅಮೃತಶಿಲೆಯ ದೊಡ್ಡ ಮೆಟ್ಟಿಲಸಾಲು, ಕೆತ್ತಿದ ಮರದ ಮುಚ್ಚಿಗೆಯುಳ್ಳ ಗ್ರಂಥಾಲಯ, ದರ್ಬಾರ್ ಹಾಲ್ ಮತ್ತು 101 ಕುರ್ಚಿಗಳ ಮೇಜು ಇಷ್ಟನ್ನು ಬಿಡಬೇಡಿ. ಇಂಗ್ಲೆಂಡಿನ ವಿಂಡ್ಸರ್ ಕೋಟೆಯ ಗ್ರಂಥಾಲಯವೇ ಇಲ್ಲಿನದಕ್ಕೆ ಮಾದರಿ ಎಂದು ಹೇಳುವುದು ವಾಡಿಕೆ. ಪೀಠೋಪಕರಣ, ಪರದೆ, ಚಿತ್ರಪಟಗಳನ್ನು ಮುಟ್ಟಬೇಡಿ, ಫ್ಲಾಷ್ ಹಾಕಿ ಚಿತ್ರ ತೆಗೆಯಬೇಡಿ. ಅವು ನೂರು ವರ್ಷ ದಾಟಿದ ವಸ್ತುಗಳು. ಎಷ್ಟೋ ಜನರ ಶ್ರಮದಿಂದ ಉಳಿದುಕೊಂಡಿವೆ. ಬೇರೆಯವರ ಮೇಜಿನ ಕಡೆ ಕ್ಯಾಮೆರಾ ತಿರುಗಿಸದಿರುವುದೂ ಇದೇ ಸೌಜನ್ಯಕ್ಕೆ ಸೇರಿದ್ದು.

5. ಮೇಜಿನ ಮುಂದೆ: ಏನನ್ನು, ಯಾವ ಕ್ರಮದಲ್ಲಿ

ಕುಳಿತೊಡನೆ ನೀರಿನ ಬಗ್ಗೆ ಕೇಳುತ್ತಾರೆ. ಬಾಟಲಿಯ ನೀರಿಗೆ ಬೇರೆ ಬೆಲೆ. ಶುದ್ಧೀಕರಿಸಿದ ಸಾಮಾನ್ಯ ನೀರೇ ಸಾಕೆಂದರೆ ಸಂಕೋಚವಿಲ್ಲದೆ ಹಾಗೆಯೇ ಹೇಳಿ. ಆಮೇಲೆ ಬೆರಳಗಲದ ತುತ್ತೊಂದು ತಟ್ಟೆಗೆ ಬರಬಹುದು. ಇದಕ್ಕೆ ಫ್ರೆಂಚಿನಲ್ಲಿ ‘ಅಮ್ಯೂಸ್ ಬೂಶ್’ ಎನ್ನುತ್ತಾರೆ. ನಾಲಗೆಯನ್ನು ಎಬ್ಬಿಸಲೆಂದು ಅಡುಗೆಮನೆಯ ಕಡೆಯಿಂದ ಕೊಡುವ ಉಪಚಾರ ಅದು, ಬಿಲ್ಲಿಗೆ ಸೇರುವುದಿಲ್ಲ. ದ್ರಾಕ್ಷಾರಸವನ್ನು ಆರಿಸಲು ನೆರವಾಗುವವರನ್ನು ‘ಸಾಮಲಿಯೆ’ ಎಂದು ಕರೆಯುತ್ತಾರೆ. ಅವರಿಗೆ ನಿಮ್ಮ ಬಜೆಟ್ಟನ್ನು ನೇರವಾಗಿ ತಿಳಿಸಬಹುದು.

ಈಗ ಊಟ. ಪಟ್ಟಿ ಕಾಲಕಾಲಕ್ಕೆ ಬದಲಾಗುತ್ತದೆ, ಆದರೆ ಹೈದರಾಬಾದಿ ದಸ್ತರ್‌ಖಾನಿನ ನಡೆ ಬದಲಾಗುವುದಿಲ್ಲ. ದಸ್ತರ್‌ಖಾನ್ ಎಂದರೆ ಊಟಕ್ಕೆ ಹಾಸುವ ಬಟ್ಟೆ. ಅದರ ಮೇಲೆ ಬಡಿಸುವ ಇಡೀ ಊಟಕ್ಕೂ ಅದೇ ಹೆಸರು. ಮೊದಲು ಶೋರ್ಬಾ ಅಥವಾ ಮರಗ್, ಎಂದರೆ ತೆಳುವಾದ ಸಾರಿನಂಥದ್ದು, ಬಳಿಕ ಕಬಾಬುಗಳು, ಅನಂತರ ರೊಟ್ಟಿಗಳೊಂದಿಗೆ ಗೊಜ್ಜುಗಳು, ಬಿರಿಯಾನಿ, ಕೊನೆಗೆ ಸಿಹಿ. ಹಸಿವೆಲ್ಲವನ್ನೂ ಕಬಾಬಿಗೇ ಕೊಟ್ಟು ಬಿರಿಯಾನಿ ಬರುವ ಹೊತ್ತಿಗೆ ಕೈಚೆಲ್ಲಿ ಕೂರುವವರನ್ನು ಕಂಡಿದ್ದೇನೆ. ಇಬ್ಬರಿಗೆ ಕಬಾಬು ಎರಡು ಬಗೆ ಸಾಕು.

ಮಾಂಸಾಹಾರಿಗಳು ಎರಡನ್ನು ಗುರುತಿಟ್ಟುಕೊಳ್ಳಿ. ಪತ್ಥರ್ ಕಾ ಗೋಷ್ತ್ ಎಂದರೆ ತೆಳುವಾಗಿ ಸೀಳಿ ಮಸಾಲೆಯಲ್ಲಿ ನೆನೆಸಿದ ಕುರಿಮಾಂಸವನ್ನು ಕಾದ ಕಲ್ಲುಚಪ್ಪಡಿಯ ಮೇಲೆ ಬೇಯಿಸಿದ್ದು. ಶಿಕಂಪುರಿ ಕಬಾಬಿನ ಹೆಸರಿನಲ್ಲಿಯೇ ಅದರ ಗುಟ್ಟಿದೆ: ಶಿಕಂ ಎಂದರೆ ಹೊಟ್ಟೆ, ಪುರ್ ಎಂದರೆ ತುಂಬಿದ್ದು. ನುಣ್ಣನೆಯ ಖೀಮಾದ, ಎಂದರೆ ಕೊಚ್ಚಿದ ಮಾಂಸದ, ಬಿಲ್ಲೆಯೊಳಗೆ ಗಟ್ಟಿ ಮೊಸರು, ಈರುಳ್ಳಿ, ಪುದೀನ ಅಡಗಿರುತ್ತದೆ. ಅದನ್ನು ಚಮಚದಿಂದ ಹಿಸುಕದೆ ಒಂದೇ ಸಲಕ್ಕೆ ಅರ್ಧ ಮುರಿದರೆ ಮಾತ್ರ ಒಳಗಿನ ತಂಪು ಹೊರಗಿನ ಬಿಸಿಯೊಡನೆ ಸೇರಿ ಬಾಯಿಗೆ ಬರುತ್ತದೆ.

ಬಿರಿಯಾನಿಯನ್ನು ಕುಳಿತ ಕೂಡಲೇ ಹೇಳಿಬಿಡಿ. ಹೈದರಾಬಾದಿನ ಹೆಮ್ಮೆಯಾದ ಕಚ್ಚಿ ಬಿರಿಯಾನಿಯಲ್ಲಿ ಮಾಂಸವನ್ನು ಮೊದಲೇ ಬೇಯಿಸುವುದಿಲ್ಲ. ಮೊಸರು, ಮಸಾಲೆ, ಪರಂಗಿಕಾಯಿಯಲ್ಲಿ ನೆನೆದ ಹಸಿ ಮಾಂಸದ ಮೇಲೆ ಅರೆಬೆಂದ ಅಕ್ಕಿಯನ್ನು ಹರಡಿ, ಪಾತ್ರೆಯ ಬಾಯಿಗೆ ಹಿಟ್ಟು ಮೆತ್ತಿ, ಸಣ್ಣ ಉರಿಯಲ್ಲಿ ಒಳಗಿನ ಹಬೆಯಿಂದಲೇ ಎರಡನ್ನೂ ಒಟ್ಟಿಗೆ ಬೇಯಿಸುತ್ತಾರೆ. ಈ ಕ್ರಮಕ್ಕೆ ‘ದಮ್’ ಎಂದು ಹೆಸರು. ಮಾಂಸ ಬೆಂದು ಅಕ್ಕಿ ಮುದ್ದೆಯಾಗದಂತೆ ನಿಲ್ಲಿಸುವ ಆ ಅಳತೆಯೇ ಬಾಣಸಿಗರ ವಿದ್ಯೆ. ಅವಸರಪಡಿಸಿದರೆ ಕೆಡುವುದು ನಿಮ್ಮ ಊಟವೇ. ಬಡಿಸುವಾಗ ಮೇಲಿನ ಬಿಳಿ ಅನ್ನವಷ್ಟೇ ತಟ್ಟೆಗೆ ಬಿದ್ದರೆ, ತಳದವರೆಗೆ ಚಮಚ ಇಳಿಸಿ ಬಡಿಸಿ ಎಂದು ಕೇಳಲು ಹಿಂಜರಿಯಬೇಡಿ.

ಸಸ್ಯಾಹಾರಿಗಳಿಗೆ ಹೇಳಬೇಕಾದದ್ದು ಇನ್ನೂ ಮುಖ್ಯವಾದದ್ದು, ಏಕೆಂದರೆ ಹೆಸರನ್ನು ನಂಬಿ ಮೋಸಹೋಗುವ ಅಪಾಯ ಇಲ್ಲಿ ಹೆಚ್ಚು. ದಾಲ್ಚಾ ಎಂಬುದು ಬೇಳೆಯ ಸಾರಿನಂತೆ ಕಂಡರೂ ಸಾಮಾನ್ಯವಾಗಿ ಅದರಲ್ಲಿ ಮಾಂಸವಿರುತ್ತದೆ. ಹಲೀಮ್ ನೋಡಲು ಗೋಧಿಯ ಗಂಜಿ. ಗೋಧಿಯನ್ನೂ ಮಾಂಸವನ್ನೂ ಒಟ್ಟಿಗೆ ಕುಟ್ಟಿ ಬೇಯಿಸಿದ್ದು ಅದು. ಲುಖ್ಮಿ ಎಂಬ ಚೌಕದ ಸಮೋಸಾದ ಒಳಗೆ ಇರುವುದು ಖೀಮಾ. ಇವುಗಳ ಸಸ್ಯಾಹಾರಿ ರೂಪಗಳೂ ಇರುವುದರಿಂದ ಪ್ರತಿಯೊಂದನ್ನೂ ಕೇಳಿಯೇ ತೆಗೆದುಕೊಳ್ಳಿ, ಬೇಯಿಸಲು ಮಾಂಸದ ರಸ ಬಳಸಿದ್ದಾರೆಯೇ ಎಂದೂ ವಿಚಾರಿಸಿ.

ಇಷ್ಟಾದ ಮೇಲೆ ಸಸ್ಯಾಹಾರಿಗಳ ಪಾಲಿಗೆ ಉಳಿಯುವುದು ಕಡಿಮೆಯೇನಲ್ಲ. ಬಘಾರೆ ಬೈಂಗನ್ ಉತ್ತರ ಕರ್ನಾಟಕದ ಎಣ್ಣೆಗಾಯಿಗೆ ಹತ್ತಿರದ ನೆಂಟ: ಎಳೆಯ ಬದನೆಕಾಯಿ, ಕಡಲೆಕಾಯಿ, ಎಳ್ಳು, ಕೊಬ್ಬರಿ, ಹುಣಸೆಹುಳಿ ಎರಡರಲ್ಲೂ ಒಂದೇ, ಇಲ್ಲಿ ಗೊಜ್ಜು ಹೆಚ್ಚು ನುಣುಪು, ಹೆಚ್ಚು ಹುಳಿ. ಅಂಬಾಡಾ ಎಂದು ಪಟ್ಟಿಯಲ್ಲಿ ಕಂಡರೆ ಅದು ನಮ್ಮ ಪುಂಡಿಪಲ್ಯದ ಸೊಪ್ಪೇ. ಹೈದರಾಬಾದಿನ ಅಡುಗೆಯನ್ನು ಲಖನೌ, ದೆಹಲಿಗಳ ಅಡುಗೆಯಿಂದ ಬೇರೆ ಮಾಡುವುದು ಈ ದಖ್ಖನಿನ ಹುಳಿಯೇ ಎಂದು ನನಗೆ ಅನ್ನಿಸುತ್ತದೆ. ಕಟ್ಟಡ ಯುರೋಪಿನದ್ದಾದರೂ ತಟ್ಟೆಯಲ್ಲಿ ಇರುವುದು ನಮ್ಮ ನೆಲದ ಹುಣಸೆ, ನಮ್ಮ ನೆಲದ ಕಡಲೆಕಾಯಿ. ಖಟ್ಟಿ ದಾಲ್, ಟೊಮೇಟೊವನ್ನು ಕುದಿಸಿ ಸೋಸಿದ ಟಮಾಟರ್ ಕಾ ಕಟ್, ಒಗ್ಗರಣೆ ಅನ್ನವಾದ ಬಘಾರಾ ಖಾನಾ ಇವು ಸಿಕ್ಕರೆ ಖಂಡಿತ ರುಚಿ ನೋಡಿ.

ಸಿಹಿಗೆ ಖುಬಾನಿ ಕಾ ಮೀಠಾ. ಒಣಗಿಸಿದ ಜರ್ದಾಳು ಹಣ್ಣನ್ನು ನೆನೆಸಿ ಬೇಯಿಸಿ ಕೆನೆಯೊಂದಿಗೆ ಕೊಡುತ್ತಾರೆ. ಅದರ ಬೀಜವನ್ನೊಡೆದು ತೆಗೆದ ತಿರುಳು ಮೇಲೆ ಇರುತ್ತದೆ. ಡಬಲ್ ಕಾ ಮೀಠಾ ಎಂಬುದು ತುಪ್ಪದಲ್ಲಿ ಕರಿದ ಬ್ರೆಡ್ಡನ್ನು ಕೇಸರಿ ಹಾಲು ಸಕ್ಕರೆಯಲ್ಲಿ ನೆನೆಸಿದ್ದು. ಅದು ಬಹಳ ಭಾರ. ಇಬ್ಬರಿಗೆ ಒಂದು ಪಾಲು ಸಾಕು.

6. ಕೈಯೋ ಚಮಚವೋ

ಇದೊಂದು ವಿಷಯಕ್ಕೆ ಜನ ವೃಥಾ ಅಳುಕುತ್ತಾರೆ. ಬಿರಿಯಾನಿ, ರೊಟ್ಟಿಗಳನ್ನು ಕೈಯಿಂದ ಉಣ್ಣುವುದು ಈ ಅಡುಗೆಯ ಹುಟ್ಟುಗುಣ. ಧಾರಾಳವಾಗಿ ಉಣ್ಣಿ, ಕೈತೊಳೆಯಲು ಬಿಸಿನೀರಿನ ಬಟ್ಟಲನ್ನು ಕೇಳಿ. ಸೆಲೆಸ್ಟ್‌ನಂಥ ಕಡೆ ಪಾಶ್ಚಾತ್ಯ ಕ್ರಮದಲ್ಲಿ ಹಲವು ಚಮಚ, ಮುಳ್ಳುಚಮಚ, ಚಾಕುಗಳನ್ನು ಸಾಲಾಗಿ ಇಟ್ಟಿದ್ದರೆ ಹೊರಗಿನದರಿಂದ ಶುರುಮಾಡಿ ಒಳಗಿನದಕ್ಕೆ ಬನ್ನಿ. ಎಡಗಡೆಯ ಸಣ್ಣ ತಟ್ಟೆ ನಿಮ್ಮ ಬ್ರೆಡ್ಡಿನದು, ಬಲಗಡೆಯ ಲೋಟಗಳು ನಿಮ್ಮವು. ಮುಗಿಯಿತೆಂದು ತಿಳಿಸಲು ಮುಳ್ಳುಚಮಚವನ್ನೂ ಚಾಕುವನ್ನೂ ಜೋಡಿಯಾಗಿ ತಟ್ಟೆಯ ಮೇಲಿಡುತ್ತಾರೆ. ಕತ್ತರಿಯಾಕಾರದಲ್ಲಿಟ್ಟರೆ ಇನ್ನೂ ತಿನ್ನುತ್ತಿದ್ದೀರಿ ಎಂದರ್ಥ.

ಉಪ್ಪು ಹೆಚ್ಚಾಗಿದ್ದರೆ, ಮಾಂಸ ಬೆಂದಿಲ್ಲದಿದ್ದರೆ, ಬೇರೆಯದೇ ಭಕ್ಷ್ಯ ಬಂದಿದ್ದರೆ ಎರಡು ತುತ್ತಿನೊಳಗೆ ಮೆಲುದನಿಯಲ್ಲಿ ಹೇಳಿ. ತಟ್ಟೆ ಖಾಲಿಯಾದ ಮೇಲೆ ಹೇಳಿದರೆ ಸರಿಪಡಿಸಲು ಯಾರಿಗೂ ದಾರಿಯಿರುವುದಿಲ್ಲ.

7. ಬಿಲ್ಲು ಮತ್ತು ಮರಳುವ ದಾರಿ

ಇಂಥ ದುಬಾರಿ ತಂಗುದಾಣದ ಹೋಟೆಲುಗಳ ಭೋಜನಶಾಲೆಯಲ್ಲಿ ಊಟಕ್ಕೆ ಶೇಕಡ 18ರಷ್ಟು ಜಿಎಸ್‌ಟಿ ಬೀಳುತ್ತದೆ. ಊರಿನ ದರ್ಶಿನಿಯ ಶೇಕಡ 5ನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕಿದವರಿಗೆ ಇಲ್ಲಿ ಎದೆ ಧಸಕ್ಕೆನ್ನುತ್ತದೆ. ಮದ್ಯ ಜಿಎಸ್‌ಟಿಯ ಹೊರಗಿದ್ದು ಅದಕ್ಕೆ ರಾಜ್ಯದ ತೆರಿಗೆ ಬೇರೆಯಾಗಿ ಬರುತ್ತದೆ. ಮೆನುವಿನ ಬೆಲೆಗಳ ಕೆಳಗೆ ‘ತೆರಿಗೆ ಪ್ರತ್ಯೇಕ’ ಎಂಬ ಸಾಲಿದೆಯೇ ಎಂದು ಆರ್ಡರ್ ಕೊಡುವ ಮೊದಲೇ ನೋಡಿಕೊಳ್ಳಿ.

‘ಸೇವಾ ಶುಲ್ಕ’ ತೆರಿಗೆಯಲ್ಲ. ಅದನ್ನು ಬಿಲ್ಲಿಗೆ ತಾನಾಗಿ ಸೇರಿಸಿ ಕಡ್ಡಾಯವೆಂಬಂತೆ ವಸೂಲಿ ಮಾಡಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಯಾವುದೇ ಹೋಟೆಲಿನ ಬಿಲ್ಲಿನಲ್ಲಿ ಆ ಸಾಲು ಕಂಡರೆ ತೆಗೆಯುವಂತೆ ಕೇಳುವ ಹಕ್ಕು ನಿಮಗಿದೆ. ಬಡಿಸಿದವರ ಕೆಲಸ ಮೆಚ್ಚುಗೆಯಾದರೆ ನಿಮಗೆ ತೋಚಿದಷ್ಟನ್ನು ಅವರ ಕೈಗೇ ಕೊಡಿ. ಮುಂಗಡ ಕಟ್ಟಿದ್ದರೆ ಅದನ್ನು ಬಿಲ್ಲಿನ ಮೊತ್ತದಿಂದ ಕಳೆದಿದ್ದಾರೆಯೇ ಎಂಬುದನ್ನೂ ಪರಿಶೀಲಿಸಿ.

ಸಿಹಿ ಬಂದಾಗಲೇ ಬಿಲ್ಲು ಕೇಳಿ, ಜೊತೆಯಲ್ಲೇ ಮರಳುವ ಕಾರಿಗೂ ಹೇಳಿ. ಬಾಡಿಗೆ ಕಾರುಗಳು ಗುಡ್ಡದ ಮೇಲೆ ಕಾದು ನಿಂತಿರುವುದಿಲ್ಲ, ರಾತ್ರಿ ಹನ್ನೊಂದರ ಮೇಲೆ ಆ ಭಾಗಕ್ಕೆ ಬರಲು ಹಿಂದೆಮುಂದೆ ನೋಡುವ ಚಾಲಕರೂ ಇದ್ದಾರೆ. ಬಂದ ಕಾರನ್ನೇ ಹೋಗಿಬರುವ ಬಾಡಿಗೆಗೆ ಗೊತ್ತುಮಾಡಿಕೊಂಡಿದ್ದರೆ ಈ ತೊಡಕೇ ಇಲ್ಲ. ಹಾಗೆ ಮಾಡಿದಾಗ ಚಾಲಕರ ಊಟಕ್ಕೆ ಮೊದಲೇ ಹಣ ಕೊಟ್ಟು, ಎಷ್ಟು ಗಂಟೆಗೆ ಕೆಳಗಿನ ದ್ವಾರದ ಬಳಿ ಇರಬೇಕೆಂದು ಹೇಳಿ ಹೋಗಿ.